ದೇಶದ ಮಾನಕ್ಕೆ ನಾಲ್ಕು ಕುರ್ಚಿ

ಗಂಗಾಧರಯ್ಯನ ಮನೆಯಲ್ಲಿ ಕುರ್ಚಿ ಇರಲಿಲ್ಲ. ಆ ಭಾನುವಾರ ಬೆಳಿಗ್ಗೆ ಹಾಗೆ ಇಲ್ಲದ್ದಕ್ಕಾಗಿಯೇ ಅವನು ದೇವರಿಗೆ ಕೈಮುಗಿದಿದ್ದ.

ರಾಜಾಜಿನಗರದಲ್ಲಿ ಅವನು ಕೆಲಸ ಮಾಡುತ್ತಿದ್ದ ಕಾರ್ಖಾನೆ ನೌಕರರಿಗೆಂದು ಹತ್ತು ಮನೆ ಕಟ್ಟಿಸಿತ್ತು. ಮನೆಯೊಳಗೇ ನಲ್ಲಿ. ಒಂಬತ್ತು ಹಂಚಿಹೋಗಿ ಒಂದು ಉಳಿದಿತ್ತು. ಅದನ್ನು ಕೊಡಬೇಕಾದ ಇಂಗ್ಲೆಂಡಿನ ಎಂಜಿನಿಯರು ವಿಲ್ಕಿನ್ಸ್ ದೊರೆ ಅರ್ಜಿಗಳನ್ನು ನಂಬುವವನಲ್ಲ. ಮನೆಗೆ ಬಂದು, ಕಷ್ಟವನ್ನು ಕಣ್ಣಾರೆ ನೋಡಿ ಕೊಡುವವನು. ಆ ದಿನ ಗಂಗಾಧರಯ್ಯನ ಸರದಿ. ಗಂಗಾಧರಯ್ಯನ ಮನೆಯಲ್ಲಿ ಕಷ್ಟಕ್ಕೇನೂ ಕೊರತೆಯಿರಲಿಲ್ಲ. ಒಂದು ಕೋಣೆ, ಒಂದು ಅಡಿಗೆಮನೆ, ತಾಯಿ, ಮೂರು ಮಕ್ಕಳು. ಹೆಂಡತಿ ಸತ್ಯವತಿ ಕಾಲು ಮೈಲಿ ದೂರದ ಬಾವಿಯಿಂದ ದಿನಕ್ಕೆ ಹದಿನಾಲ್ಕು ಕೊಡ ನೀರು ಹೊತ್ತು ಹೊತ್ತು, ಖಾಲಿ ಕೈಯಲ್ಲಿ ನಿಂತಾಗಲೂ ಒಂದು ಕಡೆಗೆ ವಾಲುತ್ತಿದ್ದಳು.

“ಏನೂ ಮುಚ್ಚಿಡಬೇಡ ಕಣೇ. ಹರಕು ಚಾಪೇನೇ ಹಾಸು” ಎಂದು ಅವಳಿಗೆ ಹೇಳಿದ. ಅದು ಗೋಡೆಯಾಚೆಗೂ ಕೇಳಿಸಿತು. ತೊಂದರೆ ಹುಟ್ಟಿದ್ದು ಅಲ್ಲಿ.

ಗೋಡೆಯಾಚೆಗೆ ಇದ್ದವರು ರೇವಣಸಿದ್ದಯ್ಯ, ಅದೇ ಕಾರ್ಖಾನೆಯ ಉಗ್ರಾಣದ ಗುಮಾಸ್ತರು. ಮಕ್ಕಳಿಲ್ಲ, ಸಾಮಾನು ಮಾತ್ರ ಹತ್ತು ಜನರ ಸಂಸಾರಕ್ಕೆ ಆಗುವಷ್ಟು. ಹೋದ ವರ್ಷ ಗಂಗಾಧರಯ್ಯನ ತಾಯಿಗೆ ವಿಷಮಜ್ವರ ಬಂದಾಗ ಅವರ ಹೆಂಡತಿ ಶಾಂತವ್ವ ಹದಿನೈದು ದಿನ ಗಂಜಿ ಕಾಸಿ ಕುಡಿಸಿದ್ದರು. ಅಂದಿನಿಂದ ಆ ದಂಪತಿಗಳ ಮುಂದೆ ‘ಬೇಡ’ ಎನ್ನುವ ಮಾತು ಗಂಗಾಧರಯ್ಯನ ಗಂಟಲು ದಾಟುತ್ತಿರಲಿಲ್ಲ.

“ಅಷ್ಟು ದೂರದಿಂದ ಬಂದೋನು ನಮ್ಮನ್ನ ಹರಕು ಚಾಪೆ ಮೇಲೆ ನೋಡಬೇಕೇನಯ್ಯಾ?” ಎನ್ನುತ್ತಲೇ ರೇವಣಸಿದ್ದಯ್ಯ ಎರಡು ಕುರ್ಚಿ ಹೊತ್ತು ಒಳಗೆ ಬಂದರು. “ನಾಳೆ ಅವನು ಊರಿಗೆ ಕಾಗದ ಬರೀತಾನೆ. ಹೋಗೋದು ನಿನ್ನ ಮಾನ ಅಲ್ಲ, ದೇಶದ ಮಾನ.”

“ಅವರು ಬರ್ತಿರೋದೇ ಕಷ್ಟ ನೋಡೋಕೆ ಸ್ವಾಮಿ.”

“ಕಷ್ಟಾನ ಬಾಯಲ್ಲಿ ಹೇಳು. ಕುರ್ಚಿ ಮೇಲೆ ಕೂತ್ಕೊಂಡು ಹೇಳು.”

ಇನ್ನೆರಡು ಕುರ್ಚಿ ಬಂದವು. ಹಿಂದೆಯೇ ಮೇಜು, ಗಡಿಯಾರ, ಜಮಖಾನ, ಪೆರೇಡು ಮಾಡಬಹುದಾದಷ್ಟು ಅಗಲದ ಮಂಚ. ಕೊನೆಗೆ, ಬೀದಿಗೆ ಇಂದಲ್ಲ ನಾಳೆ ಕರೆಂಟು ಬರುತ್ತದೆಂದು ಅವರು ಮೂರು ವರ್ಷದ ಹಿಂದೆ ಕೊಂಡಿಟ್ಟಿದ್ದ ರೇಡಿಯೋ. ಜಾಗ ಸಾಲದೆ, ಗಂಗಾಧರಯ್ಯನ ತಾಯಿಯನ್ನೂ ಮೂರು ಮಕ್ಕಳನ್ನೂ ತಮ್ಮ ಮನೆಗೆ ಕರೆದೊಯ್ದರು. ಕೇತಮಾರನಹಳ್ಳಿಯಿಂದ ಹಾಲು ತರುವ ಚಿಕ್ಕಗಂಗಮ್ಮನಿಗೂ ಸುದ್ದಿ ಮುಟ್ಟಿ, ದೊರೆ ಬರಿಬಾಯಲ್ಲಿ ಹೋಗಬಾರದೆಂದು ತೆಂಗಿನಕಾಯಿಯಷ್ಟು ದೊಡ್ಡ ಬೆಣ್ಣೆಯ ಮುದ್ದೆ ತಂದು ಮೇಜಿನ ನಡುವೆ ಇಟ್ಟುಹೋದಳು. ಎಲ್ಲರಿಗೂ ಕೈಮುಗಿದು ಮುಗಿದು ಗಂಗಾಧರಯ್ಯನ ರಟ್ಟೆ ನೋಯುತ್ತಿತ್ತು.

ಹನ್ನೊಂದಕ್ಕೆ ದೊರೆ ಬಂದ. ಕೂತ. ಗಂಗಾಧರಯ್ಯ ತನಗೆ ಬಂದಷ್ಟು ಇಂಗ್ಲಿಷಿನಲ್ಲಿ ಕಷ್ಟ ತೋಡಿಕೊಳ್ಳತೊಡಗಿದ. ಬಾವಿಯ ಮಾತು ಮುಗಿಯುವಷ್ಟರಲ್ಲಿ ಸತ್ಯವತಿ ಬಿಸಿ ಅಕ್ಕಿರೊಟ್ಟಿ ತಂದಿಟ್ಟು, ಮುದ್ದೆಯಿಂದ ಒಂದು ಹಿಡಿ ಬೆಣ್ಣೆ ಕಿತ್ತು ಮೇಲೆ ಹಾಕಿದಳು. ಬೆಣ್ಣೆ ಕರಗಿತು. ಅದರ ಜೊತೆಗೆ ದೊರೆಯೂ.

ಯುದ್ಧ ಮುಗಿದು ಇಷ್ಟು ವರ್ಷವಾದರೂ ತನ್ನ ದೇಶದಲ್ಲಿ ಬೆಣ್ಣೆ, ಸಕ್ಕರೆ ಎಲ್ಲ ರೇಷನ್ ಚೀಟಿಯ ಮೇಲೇ ಎಂದ. ಬಾಂಬಿಗೆ ಮನೆ ಕಳೆದುಕೊಂಡ ತಾಯಿ ತಗಡಿನ ಗುಡಿಸಲಲ್ಲಿದ್ದಾಳೆ. ಆ ಒಂದು ಹಿಡಿ ಅವಳ ಎಷ್ಟೋ ವಾರದ ಪಾಲು. ರೇಡಿಯೋವನ್ನು ನೋಡಿ, ಅತಿಥಿ ಬಂದಾಗ ಅದನ್ನು ಕೂಗಿಸದಿರುವ ಸಭ್ಯತೆ ತನ್ನ ಜನಕ್ಕಿಲ್ಲ ಎಂದ. ಮೂರನೆಯ ರೊಟ್ಟಿ ಮುಗಿಸಿ ಗಂಗಾಧರಯ್ಯನ ಎರಡೂ ಕೈ ಹಿಡಿದುಕೊಂಡ.

“ನಿಮ್ಮ ಬಾಳು ನೋಡಿ ಸಂತೋಷವಾಯಿತು. ಇದನ್ನು ಬಿಟ್ಟು ಆ ಚಿಕ್ಕ ಮನೆಗೆ ಬನ್ನಿ ಅನ್ನಲು ನನಗೆ ನಾಚಿಕೆ.”

ಕೈತೊಳೆದು ಹೊರಟವನು ಪಕ್ಕದ ಬಾಗಿಲ ಮುಂದೆ ನಿಂತುಬಿಟ್ಟ. ಒಳಗೆ ನಾಲ್ಕು ಬೋಳು ಗೋಡೆ. ಬರಿ ನೆಲದ ಮೇಲೆ ಮುದುಕಿ, ಅಂಟಿಕೊಂಡು ಮೂರು ಮಕ್ಕಳು, ಮೂಲೆಯಲ್ಲಿ ಅಕ್ಕಿಯ ಕಲ್ಲು ಆರಿಸುತ್ತಿದ್ದ ಶಾಂತವ್ವ. ನಡುವೆ ನಗುತ್ತ ಕೈಮುಗಿದು ನಿಂತ ರೇವಣಸಿದ್ದಯ್ಯ.

“ನಮ್ಮ ಕಾರ್ಖಾನೆಯವರೇ? ಮನೆಗೆ ಅರ್ಜಿ ಹಾಕಿದ್ದೀರಾ?”

“ಇಲ್ಲ ಸಾರ್. ನಮಗೇನು ಕಡಿಮೆ?”

ದೊರೆ ಟೋಪಿ ತೆಗೆದ. ಬೀಳ್ಕೊಡಲು ಬಂದಿದ್ದ ಗಂಗಾಧರಯ್ಯ ನಿಜ ಹೇಳಲು ಬಾಯಿ ತೆರೆದ. ದೊರೆ ಅವನ ಕಡೆ ತಿರುಗಿದ. ದೇಶದ ಮಾನ ಬಯಲಾದೀತೆಂದು ರೇವಣಸಿದ್ದಯ್ಯ ದೊರೆಯ ಬೆನ್ನ ಹಿಂದಿನಿಂದ ತುಟಿಯ ಮೇಲೆ ಬೆರಳಿಟ್ಟರು. ಗಂಜಿಯ ನೆನಪಾಗಿ ಗಂಗಾಧರಯ್ಯ ಬಾಯಿ ಮುಚ್ಚಿದ. ಅಷ್ಟರಲ್ಲಿ ದೊರೆ ನಿಂತಲ್ಲೇ ಒಂದು ಹಾಳೆಯ ಮೇಲೆ ಗೀಚಿ, ಕೊನೆಯ ಮನೆಯನ್ನು ರೇವಣಸಿದ್ದಯ್ಯನವರ ಕೈಗಿಟ್ಟು ಹೊರಟುಹೋದ.

ಮಧ್ಯಾಹ್ನವೇ ಎತ್ತಿನ ಗಾಡಿ ಬಂತು. ಮಂಚದ ಒಂದು ಕಾಲನ್ನು ಗಂಗಾಧರಯ್ಯನೇ ಹೊತ್ತ. ರೇವಣಸಿದ್ದಯ್ಯ ಸಂಕೋಚದಿಂದ ಹಿಡಿಯಷ್ಟಾಗಿದ್ದರು. ಹಾಳೆ ಹಿಂದಿರುಗಿಸಿದರೆ ದೊರೆ ಏನು ತಿಳಿದಾನು ಎಂದು ಎರಡು ಸಲ ಕೇಳಿದರು. ಬೇಡ ಸ್ವಾಮಿ, ದೇಶದ ಮಾನ ಎಂದು ಗಂಗಾಧರಯ್ಯನೇ ಸಮಾಧಾನ ಹೇಳಬೇಕಾಯಿತು.

ಶಾಂತವ್ವ ಗಾಡಿ ಹತ್ತುವ ಮುಂಚೆ ಸತ್ಯವತಿಯನ್ನು ತಬ್ಬಿಕೊಂಡು ಅತ್ತರು. “ನಿಮ್ಮಿಂದ ಬಂದ ಮನೆ ಕಣವ್ವಾ. ಇನ್ಮೇಲೆ ಆ ಬಾವಿಗೆ ಹೋಗಬೇಡ. ನಮ್ಮ ನಲ್ಲೀಲೇ ಹಿಡ್ಕೊಂಡು ಬಾ.”

“ಈ ಉಪಕಾರ ಹೇಗೆ ತೀರಿಸ್ಲಿ ಅಕ್ಕಾ” ಎಂದು ಸತ್ಯವತಿಯೂ ಮನಸಾರೆ ಅತ್ತಳು.

ಹೊಸ ಮನೆ ಅಲ್ಲಿಂದ ಒಂದೂವರೆ ಮೈಲಿ.