ಪಿಸ್ಟನ್ ಇಲ್ಲದ ಕಾರು

ಬೆರಳುದ್ದದ ಆರು ಲೋಹದ ಪಟ್ಟಿ ಆರಿಸಲು ಮದ್ದೂರಿನ ರಾಜೇಂದ್ರ ಎಂಟು ತಿಂಗಳು ತೆಗೆದುಕೊಂಡ. ಹೆಂಡತಿ ಅಮೃತಳನ್ನು ಆರಿಸಲು ಅವನಿಗೆ ಅರ್ಧ ಗಂಟೆ ಸಾಕಾಗಿತ್ತು. ಅವಳು ಅದನ್ನು ಮರೆತಿರಲಿಲ್ಲ.

ಯಾರೋ ಕೈತೊಳೆದುಕೊಂಡ ಹಳೇ ಜಪಾನಿ ಕಾರು ಅದು. ಎಂಜಿನ್ನಿನಲ್ಲಿ ಪಿಸ್ಟನ್ ಇಲ್ಲ; ಮೂರು ಮೂಲೆಯ ಎರಡು ರೋಟರುಗಳು ಒಳಗೇ ಗಿರಗಿರ ಸುತ್ತುತ್ತವೆ, ಮೂಲೆಗೊಂದು ಸೀಲು, ಅಂದರೆ ಆ ಬೆರಳುದ್ದದ ಪಟ್ಟಿ. ಆ ಸೀಲು, ಸ್ಪ್ರಿಂಗು, ಬೇರಿಂಗು ಎಲ್ಲವನ್ನೂ ಜಪಾನಿನಿಂದಲೇ ತರಿಸಿ, ಕೂದಲೆಳೆಯಷ್ಟೂ ತಪ್ಪದಂತೆ ಅಳೆದು ಜೋಡಿಸಿದ್ದ. ಭಾನುವಾರ ಬೆಳಿಗ್ಗೆ ಅಮೃತ ಕಡ್ಡಿ ಮುರಿದಂತೆ ಹೇಳಿದಳು:

“ಇವತ್ತು ಇದು ನನ್ನನ್ನ ಮಳವಳ್ಳಿಗೆ ಕರ್ಕೊಂಡೋಗಿ ವಾಪಸ್ ಕರ್ಕೊಂಬರ್ಬೇಕು. ಇಲ್ದಿದ್ರೆ ನಾಳೆ ಗುಜರಿಗೆ ಆಕ್ಬುಡ್ತೀನಿ.”

ಬಾನೆಟ್ ಎತ್ತುವಷ್ಟರಲ್ಲಿ ಪಕ್ಕದ ಮನೆಯ ಪುಟ್ಟಮಾದಯ್ಯ ಬೇವಿನಕಡ್ಡಿ ಕಚ್ಚಿಕೊಂಡು ಹಾಜರು. ಆಲೆಮನೆಯ ಡೀಸೆಲ್ ಎಂಜಿನ್ ನೋಡಿಕೊಂಡೇ ಮುದುಕನಾದವನು.

“ಪಿಸ್ಟನ್ ಎಲ್ಲಿ?”

“ಇಲ್ಲ.”

“ಯಾವನೋ ಬಿಚ್ಕಂಡೋಗವ್ನೆ ಕಣ್ಲಾ! ಕಂಪ್ಲೇಂಟ್ ಕೊಡು! ಸರಿ, ಈ ಸಣ್ಣ ಪೈಪ್ ಯಾತಕ್ಕೆ?”

“ನಿಮ್ಗೆ ಹೇಳಿದ್ರೆ ಅರ್ಥ ಆಗಕಿಲ್ಲ ಬುಡಿ.”

ಆ ಪೈಪು ಸೀಲುಗಳಿಗೆ ಹನಿಹನಿ ಎಣ್ಣೆ ಕುಡಿಸುತ್ತದೆ, ಅದಿಲ್ಲದಿದ್ದರೆ ಸೀಲು ಒಣಗಿ ಸಾಯುತ್ತದೆ. ಒಂದೇ ವಾಕ್ಯದ ವಿಷಯ. ಆದರೆ ಬೆಲ್ಲ ಕಾಯಿಸುವವನ ಮೇಲೆ ಒಂದು ವಾಕ್ಯ ದಂಡ ಮಾಡುವಷ್ಟು ಅಗ್ಗದ ಮನುಷ್ಯನಲ್ಲ ರಾಜೇಂದ್ರ.

ಕಾರು ನಿಜಕ್ಕೂ ಹೊರಟಿತು. ಹಿಂದೆ ತೆಳ್ಳಗೆ ನೀಲಿ ಹೊಗೆ ಬಿಡುತ್ತ ಬೆಣ್ಣೆಯಂತೆ ಓಡಿತು. ದಾರಿಯುದ್ದಕ್ಕೂ ಅವನು ಎದುರಾದ ಬಸ್ಸು, ಟ್ರ್ಯಾಕ್ಟರುಗಳನ್ನೆಲ್ಲ ಬಡ ನೆಂಟರನ್ನು ನೋಡುವಂತೆ ನೋಡಿದ.

ಮಳವಳ್ಳಿಯಲ್ಲಿ ಅಮೃತಳ ಅಣ್ಣ ಮಹದೇವಯ್ಯ ಕಾರಿನ ಸುತ್ತ ಮೂಸುತ್ತ ಒಂದು ಸುತ್ತು ಬಂದ. ಮೂವತ್ತು ವರ್ಷ ಬಸ್ಸುಗಳ ಹೊಟ್ಟೆ ಬಗೆದ ಮೆಕ್ಯಾನಿಕ್ ಅವನು; ಎಣ್ಣೆ ವಾಸನೆ ಬಂದರೆ ಕೈ ಸುಮ್ಮನಿರುವುದಿಲ್ಲ.

“ಎಣ್ಣೆ ಕುಡೀತಾ ಅದಲ್ಲ ರಾಜೇಂದ್ರ?”

“ಕುಡೀಲೇಬೇಕು ಭಾವ.”

“ಎಣ್ಣೆ ಕುಡಿಯೋದು ಕಾಯ್ಲೆ ಕಣಪ್ಪ. ಯಾಕ್ ಕುಡೀಬೇಕು?”

“ನಿಮ್ಗೆ ಹೇಳಿದ್ರೆ ಅರ್ಥ ಆಗಕಿಲ್ಲ ಬುಡಿ.”

ಮಹದೇವಯ್ಯ ಮುಖ ಸಣ್ಣ ಮಾಡಿಕೊಂಡ. ರಾಜೇಂದ್ರ ಎರಡು ಮುದ್ದೆ, ಬಟ್ಟಲು ತುಂಬ ಮಟನ್ ಸಾರು ಬಾರಿಸಿ, ಕೀಲಿಕೈ ಕಿಟಕಿಯಲ್ಲಿಟ್ಟು ಗೊರಕೆ ಹೊಡೆದ.

ಸಂಜೆ ಹೊರಟಾಗ ಹೊಗೆಯೇ ಇರಲಿಲ್ಲ. “ನೋಡಿದ್ಯಾ, ಜಪಾನ್ ಸೀಲು!” ಎಂದು ಎದೆಯುಬ್ಬಿಸಿದ. ಕೆ.ಎಂ. ದೊಡ್ಡಿ ದಾಟುತ್ತಲೇ ಎಂಜಿನ್ ಮೊದಲು ಸಿಳ್ಳೆ ಹಾಕಿತು, ಆಮೇಲೆ ಕಿರುಚಿತು, ಆಮೇಲೆ ಒಳಗೆ ಏನೋ ಪಟಪಟ ಮುರಿದು ತಣ್ಣಗಾಯಿತು. ಕಬ್ಬು ಇಳಿಸಿ ಬರುತ್ತಿದ್ದ ಟ್ರ್ಯಾಕ್ಟರಿನವನು ಹಲ್ಲು ಕಿರಿಯುತ್ತ ಹಗ್ಗ ಕಟ್ಟಿದ.

ಹಗ್ಗದ ಹಿಂದೆ ತೆವಳುತ್ತಿರುವಾಗ ಮಹದೇವಯ್ಯನ ಫೋನು ಬಂತು. ಅಮೃತ ಸ್ಪೀಕರಿಗೆ ಹಾಕಿದಳು.

“ಹೊಗೆ ನಿಂತದಾ? ನೀನು ಮಲಗಿದ್ದಾಗ ಆ ದರಿದ್ರದ ಎಣ್ಣೆ ಪೈಪ್ ಕಿತ್ತು ಬೋಲ್ಟ್ ಜಡ್ದಿವ್ನಿ.”

“ಅಯ್ಯೋ ಭಾವ! ಯಾಕೆ?”

“ನಿಂಗೆ ಯೋಳುದ್ರೆ ಅರ್ತಾಗಕಿಲ್ಲ ಬುಡು.”

ಫೋನು ಇಟ್ಟ ಅಮೃತ, ಗುಜರಿಯವನ ನಂಬರು ಹುಡುಕತೊಡಗಿದಳು.