ವೇವ್ನಿ ನದಿಯ ಮೇಲೆ ದೊಡ್ಡಮ್ಮನ ಗುಮಾನಿ

ನಮ್ಮ ದೊಡ್ಡಮ್ಮನಿಗೆ ಈ ಲೋಕದಲ್ಲಿ ಯಾರ ಮೇಲೂ ದ್ವೇಷವಿಲ್ಲ. ಎಲ್ಲರ ಮೇಲೂ ಗುಮಾನಿ, ಅಷ್ಟೇ! ನಾವಿರುವ ಈ ಅರಬ್ ದೇಶದ ಅಲ್ ಮವಾಲೇಹ್ ಮಾರುಕಟ್ಟೆಯಲ್ಲಿ ಅವರು ಕಲ್ಲಂಗಡಿ ತಟ್ಟುವಾಗ ನೋಡಬೇಕು, ಪೊಲೀಸರು ಕಳ್ಳನ ಬಾಯಿ ಬಿಡಿಸುವ ಹಾಗಿರುತ್ತದೆ. ಅಂಗಡಿಯವನು "ಬಹುತ್ ಮೀಠಾ ಹೈ, ಅಮ್ಮಾ" ಅಂದನೋ, ಖಲಾಸ್! ಒಳ್ಳೆಯ ಹಣ್ಣನ್ನು ಯಾರಾದರೂ ಹೊಗಳುತ್ತಾರೆಯೇ?

ಇಂಥವರ ಮಗಳು, ಇಂಗ್ಲೆಂಡಿನ ಪೂರ್ವಕ್ಕೆ ನರ್ಸ್ ಆಗಿ ಹೋದ ನಮ್ಮಕ್ಕ, ವೇವ್ನಿ ಎಂಬ ನದಿಯ ದಡದಲ್ಲಿ ಮನೆ ಮಾಡಿದಳು. ಅದೂ ತುಂಬು ಬಸುರಿ! ದೊಡ್ಡಮ್ಮ ನನ್ನನ್ನು ಕರೆಸಿ, ಮೊಬೈಲಿನಲ್ಲಿ ನಕಾಶೆ ತೆರೆಸಿ, ನದಿಯ ವಿಚಾರಣೆಗೆ ಕೂತರು.

"ಹುಟ್ಟಿದ್ದು ಎಲ್ಲಿ?"

"ಒಂದು ಜೌಗಿನಲ್ಲಿ ದೊಡ್ಡಮ್ಮ. ಅಲ್ಲೇ ಪಕ್ಕದಲ್ಲಿ ಇನ್ನೊಂದು ನದಿಯೂ ಹುಟ್ಟುತ್ತದೆ. ಅದು ಪಶ್ಚಿಮಕ್ಕೆ ಹೋಗ್ತದೆ, ಇದು ಪೂರ್ವಕ್ಕೆ."

"ಒಂದೇ ಮನೆಯಲ್ಲಿ ಹುಟ್ಟಿ ಬೆನ್ನು ಹಾಕಿ ಹೋದವಾ? ಒಳಗೆ ಎಂತದೋ ಆಗಿದೆ."

ಎರಡು ಜಿಲ್ಲೆಗಳಿಗೆ ಅದೇ ಗಡಿ ಎಂದೆ. "ಯಾರ ಪಕ್ಷವೂ ಅಲ್ಲ ಅಂತಾಯ್ತು" ಎಂದರು. ಅವರ ಬೆರಳು ಲೋಸ್ಟಾಫ್ಟ್ ಊರಿನ ಹತ್ತಿರ ಗಕ್ಕನೆ ನಿಂತಿತು.

"ಸಮುದ್ರ ಇಲ್ಲೇ ಉಂಟಲ್ಲ ಮಾರಾಯಾ! ಇಷ್ಟು ಹತ್ತಿರ ಬಂದು ಉತ್ತರಕ್ಕೆ ಯಾಕೆ ತಿರುಗಿತು?"

"ನೆಲದ ಇಳಿಜಾರು ಆ ಕಡೆ ಇರಬೇಕು. ಯಾರ್ಮತ್‌ನಲ್ಲಿ ಸಮುದ್ರ ಸೇರ್ತದಲ್ಲ?"

"ನೀನು ಅದರ ವಕೀಲನಾ?"

ಸಮುದ್ರ ಉಕ್ಕಿದಾಗ ಅಕ್ಕನ ಮನೆಯ ಹತ್ತಿರ ನೀರು ಹಿಂದಕ್ಕೆ ಹರಿಯುತ್ತದೆ ಎಂದು ನಾನು ಬಾಯಿತಪ್ಪಿ ಹೇಳಿದ್ದೇ ತಡ, ದೊಡ್ಡಮ್ಮ ಇಂಗ್ಲೆಂಡಿಗೆ ವಿಡಿಯೋ ಕಾಲ್ ಹಚ್ಚಿದರು. ಅಕ್ಕ ನಗುತ್ತಾ ಫೋನನ್ನು ಕಿಟಕಿಗೆ ಹಿಡಿದಳು. ಹುಲ್ಲುಗಾವಲು, ಮೇಯುವ ದನ, ಅಲುಗದ ನೀರು.

"ನೋಡಮ್ಮ, ಎಷ್ಟು ಪಾಪದ್ದು. ಮಲಗಿದೆ."

"ಮಲಗಿದ ಹಾಗೆ ನಟನೆ ಅದು! ನಮ್ಮ ಇಲ್ಲಿಯ ವಾದಿ, ಈ ಮರಳುಗಾಡಿನ ಹಳ್ಳವೇ ವಾಸಿ. ನೀರಿಲ್ಲದಿದ್ದರೆ ಇಲ್ಲ ಅಂತ ಒಣಗಿ ಬಿದ್ದಿರ್ತದೆ; ಮಳೆ ಬಂದರೆ ಬೊಬ್ಬೆ ಹೊಡೆದು ಬರ್ತದೆ. ಮನೆ ಬದಲಿಸು!"

"ಆಗುವುದಿಲ್ಲ. ನೀನೇ ಬಂದು ಕಾವಲು ಕೂರು" ಎಂದು ಅಕ್ಕ ಫೋನಿಟ್ಟಳು.

ದೊಡ್ಡಮ್ಮ ಹೋಗಿಯೇಬಿಟ್ಟರು! ಬಾಣಂತನ ಮಾಡಿದರು, ಮಗುವಿಗೆ ಎಣ್ಣೆ ತಿಕ್ಕಿದರು, ಬೆಳಿಗ್ಗೆ ಸಂಜೆ ಹಿತ್ತಿಲಿಗೆ ಹೋಗಿ ನದಿಯನ್ನು ದುರುಗುಟ್ಟಿ ನೋಡಿ ಬಂದರು. ವೀಸಾ ಮುಗಿಯುತ್ತಾ ಬಂತು.

ಹೊರಡುವ ಮುನ್ನಾದಿನ ಅಕ್ಕ ಕಿಟಕಿಯಿಂದ ಕದ್ದು ತೆಗೆದ ಒಂದು ವಿಡಿಯೋ ನನಗೆ ಬಂತು. ದೊಡ್ಡಮ್ಮ ಮೊಮ್ಮಗಳನ್ನು ಎದೆಗವಚಿಕೊಂಡು ನೀರಿನ ಹತ್ತಿರ ನಿಂತಿದ್ದಾರೆ. ತುಳುವಿನಲ್ಲಿ ಮಾತಾಡುತ್ತಿದ್ದಾರೆ, ನದಿಗೆ ತುಳು ಬರುತ್ತದೋ ಇಲ್ಲವೋ ಎಂಬ ಗುಮಾನಿ ಮಾತ್ರ ಅವರಿಗೆ ಬಂದ ಹಾಗಿಲ್ಲ.

"ಇವಳು ನಮ್ಮ ಮಗು, ಮುಖ ನೋಡಿಟ್ಟುಕೋ. ನಾನು ನಾಳೆ ಹೋಗ್ತೇನೆ. ಇಲ್ಲಿ ಇವರಿಗೆ ನಮ್ಮವರು ಅಂತ ಯಾರೂ ಇಲ್ಲ. ಸ್ವಲ್ಪ ನೋಡಿಕೊಳ್ತೀಯಲ್ಲ, ಅಕ್ಕಾ?"