ನಮ್ಮ ದೊಡ್ಡಪ್ಪನ ಸ್ನಾನ ಮತ್ತು ಖಾರದ ಬಾಗಿಲು

ನಮ್ಮ ದೊಡ್ಡಪ್ಪನನ್ನು ನೋಡಲು ಯಾರಾದರೂ ಬ್ಯಾಡಗಿಗೆ ಬರುವುದಿದ್ದರೆ ನಾನು ಕೊಡುವ ಸಲಹೆ ಒಂದೇ: ನಮ್ಮ ಮೆಣಸಿನಕಾಯಿ ಅಂಗಡಿಗೆ ಹೋಗಬೇಡಿ, ಮಾರ್ಕೆಟ್ಟಿಗೆ ಹೋಗಬೇಡಿ, ಗುಡಿಗಂತೂ ಹೋಗಲೇಬೇಡಿ. ನೆಟ್ಟಗೆ ನಮ್ಮ ಮನೆಯ ಹಿತ್ತಲಿಗೆ ಬಂದು ಬಚ್ಚಲಿನ ಬಾಗಿಲು ಬಡಿಯಿರಿ. ಒಳಗಿನಿಂದ "ಯಾರವರು? ಒಂದ ತಂಬಿಗಿ ತಡೀರಿ" ಎಂಬ ದನಿ ಬಂದರೆ ಅವರೇ ನಮ್ಮ ದೊಡ್ಡಪ್ಪ. ಆ ಒಂದು ತಂಬಿಗೆ ಮುಗಿಯುವುದರೊಳಗೆ ನೀವು ಹಾವೇರಿಗೆ ಹೋಗಿ, ಕೆಲಸ ಮುಗಿಸಿ, ಮಿರ್ಚಿ ತಿಂದು ಬರಬಹುದು!

ಸ್ನಾನವೆಂದರೆ ಎಂಥ ಸ್ನಾನ? ನೀವು ನಾವು ಮಾಡುವಂಥ ಉಗುರುಬೆಚ್ಚಗಿನ ಮೋಸವಲ್ಲ. ಹಂಡೆಯ ನೀರು ಕೊತಕೊತ ಎನ್ನಬೇಕು. ಅದನ್ನು ಹೊಟ್ಟೆಯ ಮೇಲೆ ಸುರಿದುಕೊಂಡು "ಹಾ... ಶಿವಾ... ಹಾ..." ಎಂದು ದೊಡ್ಡಪ್ಪ ಉಸಿರು ಬಿಟ್ಟರೆ ಓಣಿಗೆಲ್ಲ ಕೇಳುತ್ತಿತ್ತು. ಓಣಿಯವರು ಇದನ್ನು ಭಕ್ತಿ ಎಂದುಕೊಂಡಿದ್ದರು. ಮದುವೆಯಾಗದ ಮನುಷ್ಯ, ಹಣೆ ತುಂಬ ವಿಭೂತಿ, ಹೊತ್ತು ಹೊತ್ತಿಗೆ ಮಡಿ, ಇನ್ನೇನು ಬೇಕು? ಊರಿನವರ ದನಿಗಳನ್ನೆಲ್ಲ ಗಂಟಲಲ್ಲಿಟ್ಟುಕೊಂಡು ತಿರುಗುವ ನಾನು ಈ "ಹಾ ಶಿವಾ"ವನ್ನು ಬಿಟ್ಟೇನೆಯೇ? ಒಮ್ಮೆ ಬಚ್ಚಲೊಳಗೆ ನಿಂತು ಹಾಗೆಯೇ ಉಸಿರು ಬಿಟ್ಟೆ. ಅವ್ವ ಮೋಸಹೋಗಿ, ಬಾಗಿಲ ಸಂದಿಯಿಂದ ಕುದಿಯುವ ಬಕೆಟ್ಟನ್ನು ಒಳಗೆ ಸರಿಸಿದಳು. ಅದು ನನ್ನ ಪಾದಕ್ಕೆ ತಗುಲಿತು. ನನ್ನ ಕಲೆಗೆ ಇಷ್ಟು ಬಿಸಿಯಾದ ಪುರಸ್ಕಾರ ಮತ್ತೆಂದೂ ಸಿಕ್ಕಿಲ್ಲ.

ರಾಣೇಬೆನ್ನೂರಿನ ಮದುವೆಯ ಕತೆಯನ್ನಂತೂ ಬೀಗರು ಇವತ್ತಿಗೂ ಮರೆತಿಲ್ಲ. ಅರಿಸಿನ ಮೆತ್ತಿಸಿಕೊಂಡ ಮದುಮಗ ಟವೆಲ್ಲು ಹೆಗಲಿಗೆ ಹಾಕಿಕೊಂಡು ಕಲ್ಯಾಣಮಂಟಪದ ಬಚ್ಚಲಿನೆದುರು ನಿಂತೇ ಇದ್ದ. ಒಳಗೆ ದೊಡ್ಡಪ್ಪ. ಹೊರಗೆ ಭಟ್ಟರು ಮುಹೂರ್ತ ಮುಹೂರ್ತ ಎಂದು ಒದರುತ್ತಿದ್ದರು. ಕೊನೆಗೆ ದೊಡ್ಡಪ್ಪ ಹೊಗೆಯಾಡುತ್ತ ಹೊರಗೆ ಬಂದಾಗ ಬಿಸಿನೀರಿನ ಟಾಕಿ ಬತ್ತಿಹೋಗಿತ್ತು. ಮದುಮಗ ಚಳಿಗಾಲದ ತಣ್ಣೀರು ಸುರಿದುಕೊಂಡು ಹಸೆಮಣೆ ಏರಿದ. ಫೋಟೋಗಳಲ್ಲೆಲ್ಲ ಅವನು ಹಲ್ಲು ಬಿಟ್ಟು ನಗುತ್ತಿರುವಂತೆ ಕಾಣುತ್ತದೆ. ನಗೆಯಲ್ಲ ಅದು, ನಡುಕ!

ಆದರೆ ನಕ್ಕು ನಕ್ಕು ನಾವು ಒಂದನ್ನು ನೋಡದೆ ಬಿಟ್ಟಿದ್ದೆವು. ದೊಡ್ಡಪ್ಪ ಬಚ್ಚಲಿಗೆ ಓಡುತ್ತಿದ್ದದ್ದು ಮಡಿಗಲ್ಲ, ವಾಂತಿಗೆ. ಹೊಟ್ಟೆ ತೊಳಸುತ್ತಿತ್ತು, ಕಿವುಚುತ್ತಿತ್ತು, ಬಿಸಿನೀರು ಬಿದ್ದಷ್ಟು ಹೊತ್ತು ಸುಮ್ಮನಿರುತ್ತಿತ್ತು. ನೀರು ಆರಿತೋ, ಮತ್ತೆ ಶುರು. ಅಂಗಿ ಹೆಗಲಿನಿಂದ ಜಾರತೊಡಗಿದಾಗ ನಮಗೆ ಎಚ್ಚರವಾಯಿತು. ಊರಿನ ಔಷಧ ಆಯಿತು, ಜೀರಿಗೆ ಕಷಾಯ ಆಯಿತು, ಹುಬ್ಬಳ್ಳಿಯಲ್ಲಿ ಹೊಟ್ಟೆಯೊಳಗೆ ಕ್ಯಾಮೆರಾ ಬಿಟ್ಟು ನೋಡಿದ್ದೂ ಆಯಿತು. ಕ್ಯಾಮೆರಾಕ್ಕೆ ಏನೂ ಸಿಗಲಿಲ್ಲ. ಕೊನೆಗೊಂದು ಮುಂಜಾನೆ ಬಚ್ಚಲಿನಲ್ಲೇ ಕುಸಿದು ಕೂತವರನ್ನು ಅಪ್ಪ ಮತ್ತು ನಾನು ಎತ್ತಿಕೊಂಡು ಹಾವೇರಿಯ ಆಸ್ಪತ್ರೆಗೆ ಒಯ್ದೆವು. ಅವ್ವನೂ ಜೊತೆಗೆ ಬಂದಳು.

ಅಲ್ಲಿದ್ದವರು ಸಣ್ಣ ವಯಸ್ಸಿನ ಡಾಕ್ಟರಮ್ಮ, ಕುಪ್ಪೇಲೂರಿನವರು. ಸಲಾಯಿನ್ ಏರಿಸಿ, ರಕ್ತವನ್ನು ಪರೀಕ್ಷೆಗೆ ಕಳಿಸಿ, ವಾಂತಿ ಬಂದಾಗ ಏನು ಮಾಡಿದರೆ ಹಾಯೆನಿಸುತ್ತದೆ ಎಂದು ಕೇಳಿದರು. ದೊಡ್ಡಪ್ಪ ಬಾಯಿ ತೆರೆಯುವ ಮೊದಲೇ ನಾವು ಮೂವರೂ ಭಜನೆಯವರಂತೆ ಒಂದೇ ದನಿಯಲ್ಲಿ "ಸ್ನಾನ" ಎಂದೆವು. ನೀರು ಬಿಸಿಯೋ ಎಂದು ಕೇಳಿದರು. ಕುದಿಯುವುದು ಎಂದೆವು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು, ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿ ಬಂದರು.

"ಯಜಮಾನರ, ಖರೇ ಹೇಳ್ರಿ. ಗಾಂಜಾ ಸೇದ್ತೀರೇನು?"

ಅಪ್ಪ ಕುರ್ಚಿಯಿಂದ ಎದ್ದೇಬಿಟ್ಟ. ತನ್ನ ಅಣ್ಣ ಚಹಾ ಕುಡಿಯುವುದಕ್ಕೂ ವಿಚಾರ ಮಾಡುವ ಮನುಷ್ಯ, ಎಲೆಯಡಿಕೆಯನ್ನು ಸಹ ಮುಟ್ಟಿದವನಲ್ಲ, ಎಂದು ಅವನ ವಾದ. ಅವ್ವ ಸೆರಗನ್ನು ಬಾಯಿಗೊತ್ತಿಕೊಂಡಳು. ನಾನು ಮನಸ್ಸಿನಲ್ಲೇ ಡಾಕ್ಟರಮ್ಮನ ದನಿಯನ್ನು ಕಲಿಯುತ್ತಿದ್ದೆ. ಮನೆಗೆ ಹೋಗಿ ಆಡಿ ತೋರಿಸಬೇಕಲ್ಲ!

"ಸೇದೂದಿಲ್ಲ" ಎಂದರು ದೊಡ್ಡಪ್ಪ ಮೆಲ್ಲಗೆ.

ನಾವೆಲ್ಲ ಉಸಿರು ಬಿಟ್ಟೆವು.

"ನುಂಗತೇನಿ."

ಬಿಟ್ಟ ಉಸಿರು ಹಿಂದಕ್ಕೆ ಬರಲಿಲ್ಲ. ದೊಡ್ಡಪ್ಪ ಒಳಗಿಸೆಗೆ ಕೈಹಾಕಿ ತಮ್ಮ ಯಾಲಕ್ಕಿ ಡಬ್ಬಿ ತೆಗೆದರು. ಊಟಕ್ಕೆ ಮೊದಲು ಅದರಿಂದ ಏನೋ ಬಾಯಿಗೆ ಹಾಕಿಕೊಳ್ಳುವುದನ್ನು ನಾವು ದಿನಾ ನೋಡುತ್ತಿದ್ದೆವು. ಮುಚ್ಚಳ ತೆರೆದರೆ ಮೇಲೆ ಯಾಲಕ್ಕಿ, ಕೆಳಗೆ ಹಸಿರುಗಪ್ಪು ಗುಳಿಗೆಗಳು. ಕುಮಾರಪಟ್ಟಣದ ಹೊಳೆದಂಡೆಯಲ್ಲಿ ಕೂರುವ ಒಬ್ಬ ಜಟಾಧಾರಿ ಹಸಿವಿಗೆಂದು ಕೊಟ್ಟ ಸೊಪ್ಪಿನ ಗುಳಿಗೆಯಂತೆ. ಎಂಥ ಸೊಪ್ಪು ಎಂಬುದು ಮೊದಲ ವಾರದಲ್ಲೇ ಇವರಿಗೆ ಗೊತ್ತಾಗಿತ್ತಂತೆ. ಗೊತ್ತಾದ ಮೇಲೂ ವರ್ಷಗಟ್ಟಲೆ!

ಡಾಕ್ಟರಮ್ಮ ಬೈಯಲಿಲ್ಲ. ಮೆಣಸಿನಕಾಯಿ ವ್ಯಾಪಾರಿಗಳಿಗೆ ಅರ್ಥವಾಗುವ ಹಾಗೆ ಹೇಳಿದರು. ನಮ್ಮ ನರಗಳ ತುದಿಯಲ್ಲಿ ಕಣ್ಣಿಗೆ ಕಾಣದ ಸಣ್ಣ ಸಣ್ಣ ಬಾಗಿಲುಗಳಿವೆಯಂತೆ. ಅವುಗಳಲ್ಲಿ ಒಂದಕ್ಕೆ ಬಿಸಿ ತಗುಲಿದರೆ ಅದು ತೆರೆಯುತ್ತದೆ. ಹೊರಗೆ ಕಾದು ನಿಂತ ಕ್ಯಾಲ್ಸಿಯಂ, ಸೋಡಿಯಂ ಎಂಬ ಉಪ್ಪಿನ ಕಣಗಳು ವಿದ್ಯುತ್ತು ಹೊತ್ತುಕೊಂಡು ಒಳಗೆ ನುಗ್ಗುತ್ತವೆ. ನರ "ಉರಿ ಉರಿ" ಎಂದು ಮಿದುಳಿಗೆ ಸುದ್ದಿ ಮುಟ್ಟಿಸುತ್ತದೆ. ಸೋಜಿಗವೆಂದರೆ ಮೆಣಸಿನಕಾಯಿಯ ಖಾರ ಬಂದು ಬಡಿದರೂ ತೆರೆಯುವುದು ಅದೇ ಬಾಗಿಲು! ಖಾರ ಎಂಬುದು ರುಚಿಯೇ ಅಲ್ಲವಂತೆ, ಬೆಂಕಿ ಬಿದ್ದಿದೆಯೆಂದು ನಾಲಿಗೆ ಪಡುವ ಭ್ರಮೆಯಂತೆ. ತಲೆತಲಾಂತರದಿಂದ ನಾವು ಮಾರಿದ್ದು ಭ್ರಮೆಯನ್ನೇ? ಅಪ್ಪನ ಮುಖ ನೋಡಬೇಕಿತ್ತು.

"ಗಾಂಜಾದಾಗಿನ ಅಂಶನೂ ಅದ ಬಾಗಿಲಿಗೆ ಕೈ ಹಚ್ಚತೈತ್ರಿ" ಎಂದರು ಡಾಕ್ಟರಮ್ಮ. "ದಿನಾ ದಿನಾ ಹಚ್ಚಿದ್ರ ಬಾಗಿಲು ಜಡ್ಡುಗಟ್ಟಿ ಕುಂದ್ರತೈತಿ, ಅದಕ್ಕ ಹೊಟ್ಟಿ ತಿರುಗಿ ಬೀಳತೈತಿ ಅಂತಾರ. ಪೂರಾ ಹಿಂಗ ಅಂತ ಇನ್ನೂ ಯಾರಿಗೂ ಗೊತ್ತಾಗಿಲ್ಲ. ಕುದಿಯೂ ನೀರು ಬಿದ್ರ ಜೋರಾಗಿ ಬಡದಂಗ, ಅಷ್ಟೊತ್ತು ತೆರಿತೈತಿ. ನಿಮ್ಮ ಮೈ ಔಷಧ ತಾನ ಹುಡುಕೈತ್ರಿ."

ಆಮೇಲೆ ಅವರು ನಿಷ್ಠುರವಾಗಿ ಹೇಳಿದರು. ಇನ್ನು ಒಂದು ಗುಳಿಗೆಯೂ ಕೂಡದು. ಪೂರ್ತಿ ಬಿಟ್ಟರೆ ವಾಂತಿ ನಿಲ್ಲುತ್ತದೆ, ಮನುಷ್ಯ ಉಳಿಯುತ್ತಾನೆ. ಮತ್ತೆ ಶುರುಮಾಡಿದರೆ ಮತ್ತೆ ಇದೇ, ಮೈಯ ನೀರೆಲ್ಲ ಬತ್ತಿ ಈಗಾಗಲೇ ಸೋತಿರುವ ಕಿಡ್ನಿ ಮುಂದಿನ ಸಲ ತಡೆಯಲಾರದು. ಬಿಡುತ್ತೀರಾ ಎಂದು ಕೇಳಿದರು. ಎಲ್ಲದಕ್ಕೂ "ಆತ್ರಿ" ಎನ್ನುವ ದೊಡ್ಡಪ್ಪ ಗೋಡೆಯ ಕಡೆಗೆ ಹೊರಳಿ ಮಲಗಿದರು.

ಸದ್ಯಕ್ಕೆ ಹೊಟ್ಟೆಯ ಮೇಲೆ ಹಚ್ಚಲು ಖಾರದ ಅಂಶವಿರುವ ಒಂದು ಮುಲಾಮು ಬರೆದುಕೊಟ್ಟರು. ಔಷಧ ಅಂಗಡಿಯವನು ನಾಳೆ ತರಿಸಿಕೊಡುತ್ತೇನೆಂದ. ನಾಳೆ? ಮೆಣಸಿನಕಾಯಿಯ ಮುಲಾಮಿಗಾಗಿ ಬ್ಯಾಡಗಿಯವರು ನಾಳೆಯವರೆಗೆ ಕಾಯಬೇಕೇ? ಮೀನಿಗೆ ನೀರು ಕೊಡಿಸಲು ಟ್ಯಾಂಕರು ಕರೆಸಿದಂತಾಯಿತಲ್ಲ! ಅಪ್ಪನ ವಂಶಾಭಿಮಾನ ಕೆರಳಿತು. ಬಸ್ಸು ಹಿಡಿದು ಊರಿಗೆ ಹೋಗಿ, ಅಂಗಡಿಯ ಅತಿ ಚೆಂದದ, ಡಬ್ಬಿ ಎಂಬ ದಪ್ಪ ಕೆಂಪು ಜಾತಿಯ ಕಾಯಿಯನ್ನು ಆರಿಸಿ, ಕುಟ್ಟಿಸಿ, ಎಣ್ಣೆಯಲ್ಲಿ ಕಲಸಿ ಬಟ್ಟಲು ತುಂಬ ತಂದ. ನರ್ಸು ಆ ಕಡೆ ಹೋದ ಹೊತ್ತು ನೋಡಿ ಅಪ್ಪ ಬಳಿದ, ನಾನು ಕಾವಲು ನಿಂತೆ.

ಏನಾಯಿತು? ಏನೂ ಆಗಲಿಲ್ಲ! ಹೊಟ್ಟೆ ಮಾತ್ರ ಹೊಸದಾಗಿ ಸಿಂಧೂರ ಬಳಿದ ಹನುಮಪ್ಪನಂತೆ ಥಳಥಳಿಸಿತು. ಹಾಸಿಗೆ ಕೆಂಪಾಯಿತು, ಅಪ್ಪನ ಕೈ ಕೆಂಪಾಯಿತು, ನನ್ನ ಅಂಗಿ ಕೆಂಪಾಯಿತು. ವಾಂತಿ ಮಾತ್ರ ನಿಲ್ಲಲಿಲ್ಲ. ಒಳಗೆ ಬಂದ ಡಾಕ್ಟರಮ್ಮ ಮೂರು ಮಂದಿಯ ಈ ರಕ್ತಸಿಕ್ತ ದೃಶ್ಯ ನೋಡಿ ಬಾಗಿಲಿನಲ್ಲೇ ನಿಂತರು. ರೋಗಿಗೆ ಚೂರಿ ಹಾಕಿದ್ದಾರೆಂದೇ ಅವರು ತಿಳಿದರಂತೆ. ಸಂಗತಿ ಗೊತ್ತಾದ ಮೇಲೆ ಅವರು ಮಾಡಿದ ಮಂಗಳಾರತಿಯನ್ನು ನಾನು ಈಗಲೂ ಯಾರು ಕೇಳಿದರೂ ಆಡಿ ತೋರಿಸುತ್ತೇನೆ. ಮನೆಯಲ್ಲಿ ಅರೆದ ಖಾರ ಹಚ್ಚಿದರೆ ಚರ್ಮ ಸುಟ್ಟು ಬೊಬ್ಬೆ ಏಳುತ್ತದೆ, ಇವರದ್ದು ಏಳದಿರುವುದು ದೇವರ ದಯೆ ಎಂದರು.

"ದೇವರ ದಯಾ ಅಲ್ರಿ" ಎಂದು ಹಾಸಿಗೆಯಿಂದ ಕ್ಷೀಣ ದನಿ ಬಂತು. "ನಮ್ಮ ಕಾಯಾಗ ಬಣ್ಣ ಐತಿ, ಖಾರ ಇಲ್ಲ. ಬಾಗಿಲಾ ಬಡಿಯಾಕ ಗುಂಟೂರ ಕಾಯಿನ ಬೇಕು."

ಅಪ್ಪನ ಕೈಯಿಂದ ಬಟ್ಟಲು ಬಿತ್ತು. ಖಾರವೆಂಬುದು ಬಡಾಯಿ, ಬಣ್ಣ ಮತ್ತು ಘಮವೇ ಗುಣ ಎಂದು ಜೀವಮಾನವಿಡೀ ಸಾರಿದವರು ಇದೇ ದೊಡ್ಡಪ್ಪ! ಗುಂಟೂರೆಂಬ ಹೆಸರನ್ನೂ ಎತ್ತದೆ "ಆ ಕಡೀ ಕಾಯಿ" ಎನ್ನುತ್ತಿದ್ದ ಮನುಷ್ಯ! ಅವರು ಮತ್ತೆ ಒಳಗಿಸೆಗೆ ಕೈಹಾಕಿದಾಗ ಮತ್ತೊಂದು ಡಬ್ಬಿಯೇ ಎಂದು ನಾನು ಮುಂದೆ ಬಾಗಿದೆ. ಈ ಸಲ ಬಂದದ್ದು ಒಂದು ಪ್ಲಾಸ್ಟಿಕ್ ಪೊಟ್ಟಣ. ಅದರಲ್ಲಿ ಗುಂಟೂರು ಖಾರದ ಪುಡಿ. ಗಾಂಜಾ ಕಂಡಾಗ ಕೂಡ ಬಾಗಿಲ ಬಳಿಯಿಂದ ಅಲುಗದಿದ್ದ ಅವ್ವ ಈಗ ಒಂದು ಹೆಜ್ಜೆ ಮುಂದೆ ಬಂದಳು. ಗಾಂಜಾ ಒಂದು ಚಟವೆಂದು ಕ್ಷಮಿಸಬಹುದು. ಬ್ಯಾಡಗಿಯ ಮನೆಯಲ್ಲಿ ಕದ್ದು ಗುಂಟೂರು ತಿನ್ನುವುದನ್ನು ಏನೆಂದು ಕರೆಯುವುದು?

ಆಗ ದೊಡ್ಡಪ್ಪ ನಿಜ ಹೇಳಿದರು. ಕೊರೊನಾ ಕಾಲದ ಜ್ವರದಲ್ಲಿ ಹೋದ ವಾಸನೆ ಅವರಿಗೆ ತಿರುಗಿ ಬಂದೇ ಇರಲಿಲ್ಲ. ಮುಷ್ಟಿಯಷ್ಟು ಕಾಯಿ ಹಿಡಿದು ಮೂಸಿ ಮಾಲಿನ ಗುಣ ಹೇಳುವ ಮೂಗು ಅದು. ಸತ್ತಿದೆ ಎಂದು ಮಾರ್ಕೆಟ್ಟಿನಲ್ಲಿ ಹೇಳುವುದು ಹೇಗೆ? ಅದಕ್ಕೇ ಪ್ರತಿ ಚೀಲವನ್ನೂ ನನ್ನ ಮೂಗಿಗೆ ಹಿಡಿದು "ಮೂಸು, ಕಲಿ, ಏನಂತಿ ಹೇಳು" ಎನ್ನುತ್ತಿದ್ದರು. ನನಗೆ ವಿದ್ಯೆ ಕಲಿಸುತ್ತಿದ್ದಾರೆಂದು ನಾನು ಗೆಳೆಯರೆದುರು ಎಷ್ಟು ಬೀಗಿದ್ದೆ! ಕಲಿಸುವುದೆಲ್ಲಿ, ಅವರು ನನ್ನ ಮೂಗನ್ನು ಕಡ ತೆಗೆದುಕೊಂಡಿದ್ದರು. ಘಮ ಹೋದ ಮೇಲೆ ಊಟವೆಲ್ಲ ಒಂದೇ. ಉರಿಯ ಬಾಗಿಲು ವಾಸನೆಯ ದಾರಿಯಿಂದ ಬೇರೆಯಾದ್ದರಿಂದ ಅದು ಮಾತ್ರ ಉಳಿದಿತ್ತು. ಗುಂಟೂರು ಖಾರ ಮಾತ್ರ ನಾಲಿಗೆಗೆ ಗೊತ್ತಾಗುತ್ತಿತ್ತು.

"ರೊಟ್ಟಿ ರಟ್ಟ ತಿಂದಂಗ ಆಗತಿತ್ತು" ಎಂದರು. "ಹಸಿವ ಸತ್ತಿತ್ತು. ಆಕಿ ಒಲಿ ಮುಂದ ಕುಂತು ಬಿಸಿ ಬಿಸಿ ಬಡದು ಕಳಸತಾಳ. ಹೊಳ್ಳಿ ಕಳಿಸಿದ್ರ ತನ್ನ ಕೈದ ತಪ್ಪು ಅಂತಾಳ. ಗುಳಿಗಿ ನುಂಗಿದ್ರ ಹೊಟ್ಟಿ ತಾನ ಬೇಡತಿತ್ತು."

ಆಕಿ ಎಂದರೆ ನಮ್ಮ ಅವ್ವ. ಅವಳು ಕಿಟಕಿಯತ್ತ ತಿರುಗಿದಳು.

ಮರುದಿನ ಮುಲಾಮು ಬಂತು. ಹಚ್ಚಿದ ಸ್ವಲ್ಪ ಹೊತ್ತಿಗೆ ದೊಡ್ಡಪ್ಪ ಬಿಸಿನೀರಿನ ನೆನಪೇ ಇಲ್ಲದೆ ಗೊರಕೆ ಹೊಡೆದರು. ವಾಂತಿ ಕಡಿಮೆಯಾಗುತ್ತ ಬಂದು ನಿಂತಿತು, ಮನೆಗೆ ಕರೆತಂದೆವು. ಯಾಲಕ್ಕಿ ಡಬ್ಬಿಯನ್ನು ಡಾಕ್ಟರಮ್ಮ ಮೊದಲೇ ಇಸಿದುಕೊಂಡಿದ್ದರು.

ಬಚ್ಚಲು ಬರಿದಾಯಿತು. ತಾಟು ಮಾತ್ರ ತುಂಬಿಯೇ ಹಿಂದಕ್ಕೆ ಬರತೊಡಗಿತು. ಒಂದು ತುತ್ತು ಮುರಿಯುವುದು, ಅಗಿಯುವುದು, ಅಗಿಯುತ್ತಲೇ ಇರುವುದು, ಕೈ ತೊಳೆಯುವುದು. ವಾಂತಿಯಿಂದ ಉಳಿದ ಮನುಷ್ಯ ಉಪವಾಸದಿಂದ ಕರಗುತ್ತಿದ್ದ. ಒಂದು ಮಧ್ಯಾಹ್ನ ಊಟದ ಹೊತ್ತಿಗೆ ನೋಡಿದರೆ ದೊಡ್ಡಪ್ಪ ಟೋಪಿ ಹಾಕಿಕೊಂಡು, ಕೈಚೀಲ ಹಿಡಿದು ಪಡಸಾಲೆಯಲ್ಲಿ ನಿಂತಿದ್ದಾರೆ. ಕುಮಾರಪಟ್ಟಣದ ಕಡೆಗೆ ಹೋಗಿ ಬರುತ್ತೇನೆ ಎಂದರು, ನಮ್ಮ ಯಾರ ಮುಖವನ್ನೂ ನೋಡದೆ. ಯಾತಕ್ಕೆಂದು ಕೇಳುವ ಅಗತ್ಯವಿರಲಿಲ್ಲ, ಆ ಗುಳಿಗೆಯ ಜಟಾಧಾರಿ ಕೂರುವುದು ಅಲ್ಲೇ. ಅಪ್ಪ ಅಣ್ಣನ ಮಾತಿಗೆ ಎಂದೂ ಎದುರಾಡಿದವನಲ್ಲ. ಬಸ್ಸಿನ ಹೊತ್ತು ನೋಡುವವನಂತೆ ಗಡಿಯಾರದತ್ತ ತಿರುಗಿದ. ನಾನು, ಊರಿಗೆಲ್ಲ ಬಾಯಿ ಮಾಡುವವನು, ಚಪ್ಪಲಿ ನೋಡುತ್ತ ನಿಂತೆ.

ನಮ್ಮ ಮನೆಯಲ್ಲಿ ತಮ್ಮನ ಹೆಂಡತಿ ಭಾವನ ಎದುರು ಕೂರುವುದಿಲ್ಲ. ಅವ್ವ ಈ ಮನೆಗೆ ಬಂದಾಗಿನಿಂದ ದೊಡ್ಡಪ್ಪನೊಂದಿಗೆ ಆಡಿದ ಮಾತೆಲ್ಲ ಬಾಗಿಲ ಮರೆಯದು. ಇನ್ನೊಂದು ರೊಟ್ಟಿ ಬೇಕೇ ಎಂದು ಕೇಳುವುದಕ್ಕೂ ನಡುವೆ ನಾನು ಬೇಕು. ಅಂಥ ಅವ್ವ ಅಡುಗೆಮನೆಯಿಂದ ಎರಡು ತಾಟು ಹಿಡಿದುಕೊಂಡು ಪಡಸಾಲೆಗೆ ಬಂದಳು. ಎದುರು ಬದುರು ಇಟ್ಟಳು.

"ಭಾವಾರ, ಕುಂದ್ರಿ."

ದೊಡ್ಡಪ್ಪ ಕೂತದ್ದು ಊಟಕ್ಕಲ್ಲ, ಗಾಬರಿಗೆ. ಅವ್ವ ಅವರ ಎದುರಿಗೇ ಕೂತಳು. ತುತ್ತು ಮುರಿದು ಬದನೆಕಾಯಿ ಎಣ್ಣಿಗಾಯಿಯಲ್ಲಿ ಅದ್ದಿ ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದಳು.

"ಮೊದಲ ಶೇಂಗಾ ಬರ್ತೈತ್ರಿ. ಇವತ್ತ ಒಂದೀಟ ಹೆಚ್ಚ ಹುರದೇನಿ, ಹೊತ್ತಿದ ವಾಸನಿ ಐತಿ. ಅದರ ಹಿಂದ ಗುರೆಳ್ಳು. ಬೆಲ್ಲ ಕಡೀಕ, ಗಂಟಲಾಗ."

ದೊಡ್ಡಪ್ಪ ಅವಳನ್ನೇ ನೋಡಿದರು. ಟೋಪಿ ತೆಗೆದು ಪಕ್ಕಕ್ಕಿಟ್ಟರು. ಒಂದು ತುತ್ತು ಬಾಯಿಗೆ ಹಾಕಿಕೊಂಡು, ಏನನ್ನೋ ಆಲಿಸುವವರಂತೆ ಅಗಿದರು. ನುಂಗಿ ಕೇಳಿದರು:

"ಕಾಯಿ?"

"ನಮ್ಮದ ರೀ. ಹೊಸಾ ಕಾಯಿ. ಬಿಸಲಾಗ ಇಟ್ಟ ಒಣದ್ರಾಕ್ಷಿ ಡಬ್ಬಿ ಮುಚ್ಚಳಾ ತಗದಂಗ ಐತಿ."

ದೊಡ್ಡಪ್ಪ ಕಣ್ಣು ಮುಚ್ಚಿದರು. ತಾಟಿನಲ್ಲಿದ್ದ ರೊಟ್ಟಿ ತುತ್ತು ತುತ್ತಾಗಿ ಕರಗಿತು. ಅವ್ವ ತನ್ನ ತಾಟಿನ ರೊಟ್ಟಿಯನ್ನು ಮುರಿದು ಅರ್ಧ ಅವರ ತಾಟಿಗಿಟ್ಟು, ಮೊಸರು ಹೇಗಿದೆ ಎಂದು ಹೇಳತೊಡಗಿದಳು.